ಮುತ್ಯಾ ಸೋತ ದಾವೆಯ ನಕಲು

ನಮ್ಮ ಮನೆಯಲ್ಲಿ ಯಾರನ್ನೂ ಮೂರು ಸಲ ಕೂಗಿ ಕರೆಯುವುದಿಲ್ಲ. ಎರಡು ಸಲ ಕರೆಯುತ್ತೇವೆ. ಅಷ್ಟಕ್ಕೂ ಆಸಾಮಿ ಓಗೊಡದಿದ್ದರೆ ಎದ್ದು ಹೋಗಿ ಬೆನ್ನು ತಟ್ಟುತ್ತೇವೆ. ಅಪ್ಪಿತಪ್ಪಿ ಯಾರ ಬಾಯಿಂದಾದರೂ ಮೂರನೆಯ ಸಲ ಹೆಸರು ಹೊರಬಿತ್ತೋ, ಆ ಹೆಸರು ಯಾರದೇ ಇರಲಿ, ಮನೆಯಲ್ಲಿದ್ದವರೆಲ್ಲ ಒಟ್ಟಿಗೆ "ಇದ್ದೇನ್ರೀ" ಅನ್ನುತ್ತೇವೆ. ನಮ್ಮ ಅಕ್ಕನನ್ನು ನೋಡಲು ಗಂಡಿನವರು ಬಂದಾಗ ಅವಳಿನ್ನೂ ಒಳಗೆ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಹುಡುಗನ ತಾಯಿ ಪಾಪ ಪ್ರೀತಿಯಿಂದಲೇ "ಶೋಭಾ... ಶೋಭಾ... ಬಾರವಾ ಶೋಭಾ" ಅಂದುಬಿಟ್ಟರು. ಅಪ್ಪ, ಅವ್ವ, ಅತ್ತಿ, ನಾನು ಒಂದೊಂದು ಮೂಲೆಯಿಂದ "ಇದ್ದೇನ್ರೀ" ಅಂದೆವು. ಹುಡುಗ ಹೆದರಿ ಪ್ಯಾಂಟಿನ ಮೇಲೆ ಚಹಾ ಚೆಲ್ಲಿಕೊಂಡ. ಸಂಬಂಧ ಮಾತ್ರ ಕೂಡಿಬಂತು. ಹೆದರುವ ಮನೆಗೆ ಹೆದರುವ ಅಳಿಯನೇ ಸಿಕ್ಕ ಎಂದು ನಾನು ಈಗಲೂ ಭಾವನನ್ನು ಕಾಡುತ್ತೇನೆ.

ಈ ಚಟಕ್ಕೆಲ್ಲ ಮೂಲ ನಮ್ಮ ಮುತ್ಯಾ, ಅಪ್ಪನ ಅಪ್ಪ ಈರಪ್ಪ. ಅವನ ತಮ್ಮ ಚನ್ನಪ್ಪ ಗಜೇಂದ್ರಗಡದ ಮನೆಯಲ್ಲಿ ಪಾಲು ಬೇಕೆಂದು ಅವನ ಮೇಲೆ ರೋಣದ ಕೋರ್ಟಿನಲ್ಲಿ ದಾವೆ ಹಾಕಿದ್ದ. ಆಗ ಅಣ್ಣತಮ್ಮಂದಿರ ಕಡೆ ಇದ್ದದ್ದು ಒಂದು ಚಕ್ಕಡಿ, ತಲೆಗೆ ಒಂದೊಂದು ಎತ್ತು. ಒಂಟಿ ಎತ್ತಿಗೆ ಚಕ್ಕಡಿ ನಡೆಯುವುದಿಲ್ಲ. ಹಾಗಾಗಿ ಒಬ್ಬರ ಮೇಲೊಬ್ಬರು ದಾವೆ ನಡೆಸಲು ಇಬ್ಬರೂ ಒಂದೇ ಚಕ್ಕಡಿಯಲ್ಲಿ, ಒಬ್ಬ ಮುಂದೆ ಮುಖ, ಒಬ್ಬ ಹಿಂದೆ ಮುಖ ಮಾಡಿ, ಮಾತಿಲ್ಲದೆ ರೋಣಕ್ಕೆ ಹೋಗುತ್ತಿದ್ದರು. ಊರು ಮುಟ್ಟಿದ ಮೇಲೆ ಎತ್ತುಗಳನ್ನು ಬೇರೆ ಬೇರೆ ಮರಕ್ಕೆ ಕಟ್ಟುತ್ತಿದ್ದರು. ಎತ್ತುಗಳಾದರೂ ಮಾತಾಡಿಕೊಂಡಾವು ಎಂಬ ಹೆದರಿಕೆಯೋ ಏನೋ.

ಒಂದು ದಿನ ಕೋರ್ಟಿನ ಕಟ್ಟೆಯ ಮೇಲೆ ಕುಂತು ಕುಂತು ಸಾಕಾಗಿ, ಮುತ್ಯಾ ತನ್ನ ಎತ್ತಿಗೆ ನೀರು ಕುಡಿಸಿ ಬರಲು ಹೋದ. ತಿರುಗಿ ಬರುವಷ್ಟರಲ್ಲಿ ಕೋರ್ಟಿನ ಜವಾನ, ಪಟ್ಟೇವಾಲಾ, ಮೂರು ಸಲ ಹೆಸರು ಕೂಗಿ ಒಳಗೆ ಹೋಗಿದ್ದ. ಬಾಗಿಲಲ್ಲಿ ನಿಂತವರು ಯಾರೋ "ಕರದ್ರು, ಹೋತು" ಅಂದರಂತೆ. ಏನು ಹೋಯಿತು ಎಂದು ಮುತ್ಯಾ ಕೇಳಲಿಲ್ಲ. ಕೇಳಲು ಹೆದರಿದ. ವಕೀಲರಿಗೆ ಕೊಡಲು ರೊಕ್ಕವಿಲ್ಲದೆ ಅವರನ್ನು ಆಗಲೇ ಬಿಟ್ಟಿದ್ದ, ಹಾಗಾಗಿ ಹೇಳುವವರೂ ಇರಲಿಲ್ಲ. ಗೈರುಹಾಜರಾದೆ, ಸೋತೆ ಎಂದುಕೊಂಡ. ಅದೇ ಚಕ್ಕಡಿಯಲ್ಲಿ ಮಾತಿಲ್ಲದೆ ಮನೆಗೆ ಬಂದ. ಕೆಲವೇ ದಿನದಲ್ಲಿ ಚನ್ನಪ್ಪ ಹೆಂಡತಿ ಮಗುವನ್ನು ಕರೆದುಕೊಂಡು, ತನ್ನ ಎತ್ತು ಹೊಡೆದುಕೊಂಡು, ನರಗುಂದಕ್ಕೆ ಬೀಗರ ಮನೆಗೆ ಹೋದ. ಹೋಗುವಾಗಲೂ ಏನೂ ಹೇಳಲಿಲ್ಲ. ಗೆದ್ದವರ ಸೊಕ್ಕು, ಕೋರ್ಟಿನ ಹುಕುಂ ಹಿಡಿದುಕೊಂಡು ಬಂದು ಮನೆ ಬಿಡಿಸುತ್ತಾನೆ ಎಂದು ಮುತ್ಯಾ ಕಾಯುತ್ತ ಕುಂತ.

ಸಾಯುವವರೆಗೂ ಕಾದ. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. "ಮಂದಿ ಮನಿ ಗ್ವಾಡಿ ಕೆಡಸಬ್ಯಾಡ್ರಿ" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಕ್ಯಾಲೆಂಡರು, ಕನ್ನಡಿ, ಸತ್ತವರ ಫೋಟೋ ಎಲ್ಲವೂ ನೆಲದ ಮೇಲೆ ಗೋಡೆಗೆ ಒರಗಿ ಕುಂತಿರುತ್ತಿದ್ದವು. ಬಂದವರು ತಲೆ ಬಾಚಿಕೊಳ್ಳಬೇಕಾದರೆ ಪದ್ಮಾಸನ ಹಾಕಬೇಕು.

ನನಗೆ ಚಿಕ್ಕಂದಿನಿಂದ ಅಣಕಿಸುವ ಚಟ. ಮಾಸ್ತರು, ಕಂಡಕ್ಟರು, ಸಂತೆಯಲ್ಲಿ ಬಳ್ಳೊಳ್ಳಿ ಮಾರುವವಳು, ಯಾರದೇ ಆಗಲಿ, ಒಮ್ಮೆ ಕೇಳಿದರೆ ದನಿ ಗಂಟಲಲ್ಲಿ ಕುಂತುಬಿಡುತ್ತದೆ. ನನ್ನ ಸ್ವಂತ ದನಿ ಯಾವುದು ಎಂದು ಮಾತ್ರ ನನಗೆ ಖಾತ್ರಿ ಇಲ್ಲ. ಸಾಲಿಗೆ ಹೋಗುವ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಟವೆಲ್ಲನ್ನು ಹೆಗಲಿಗೆ ಅಡ್ಡ ಕಟ್ಟಿಕೊಂಡು, ಕಟ್ಟೆಯ ಮೇಲೆ ನಿಂತು, ನಾನು ಕಂಡೇ ಇಲ್ಲದ ಆ ಪಟ್ಟೇವಾಲಾನ ದನಿ ತೆಗೆದೆ. "ಈರಪ್ಪಾ ಬಿನ್ ಬಸಪ್ಪಾ ಹಾಜರ್..." ಮೂರನೆಯ ಸಲಕ್ಕೆ ಒಳಗೆ ಮಲಗಿದ್ದ ಮುತ್ಯಾ ಎದ್ದು, ಧೋತರದ ಚುಂಗು ಎಳೆಯುತ್ತ, ಹೊಸ್ತಿಲು ಎಡವುತ್ತ ಹೊರಗೆ ಬಂದ. ಎರಡೂ ಕೈ ಮುಗಿದಿದ್ದ. "ಇದ್ದೇನ್ರೀ ಸಾಹೇಬ್ರ, ಇಲ್ಲೇ ಇದ್ದೇನ್ರೀ" ಅಂದ. ಕಣ್ಣು ನನ್ನ ಕಡೆ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಯಾರಾದರೂ ಬಡಿದಿದ್ದರೆ ಸಮಾಧಾನ ಆಗುತ್ತಿತ್ತು. ಯಾರೂ ಬಡಿಯಲಿಲ್ಲ. ಗಿರಿಜತ್ತಿ ಬಂದು ಅವನ ಕೈಗಳನ್ನು ಬಿಡಿಸಿ ಒಳಗೆ ಕರೆದುಕೊಂಡು ಹೋದಳು. ಹೆದರಿಕೆ ಅನ್ನುವುದು ಮೈಯಲ್ಲಿ ಎಲ್ಲಿ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಮೊಣಕಾಲಿನ ಹಿಂದೆ.

ಗಿರಿಜತ್ತಿ ನಮ್ಮ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು, ಮುತ್ಯಾನನ್ನು ಕೊನೆತನಕ ನೋಡಿಕೊಂಡವಳು, ಈಗ ಆ ಮನೆಯಲ್ಲಿ ಒಬ್ಬಳೇ ಇರುವವಳು. ನಾವು ಪಕ್ಕದ ಓಣಿಯಲ್ಲಿ ಅಪ್ಪನ ಕಿರಾಣಿ ಅಂಗಡಿಯ ಹಿಂದಿನ ಎರಡು ಖೋಲಿಯಲ್ಲಿ ಇದ್ದೇವೆ. ಅತ್ತಿಗೆ ನೇಯ್ಗೆ ಬರುತ್ತದೆ. ಮುತ್ಯಾ ತಾನು ಮೊಳೆ ಹೊಡೆಯದ ಆ ಮನೆಯಲ್ಲಿ ಮಗಳಿಗಾಗಿ ಮಾತ್ರ ಗುಂಡಿಗೆ ಗಟ್ಟಿ ಮಾಡಿಕೊಂಡು ನೆಲ ಅಗೆದು ಕುಣಿ ಮಗ್ಗ ಹಾಕಿಕೊಟ್ಟ. ಸಾಮಾನು ಕಟ್ಟಿಕೊಂಡು ಬೇರೆ ಮನೆಗೆ ಹೋಗಬಹುದು, ಮಗ್ಗದ ಕುಣಿಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಮಗ್ಗ ಹೋದರೆ ಅತ್ತಿಯ ಊಟ ಹೋಯಿತು. ತಮ್ಮನ ಮನೆಯ ಊಟಕ್ಕೆ ಕೈ ಒಡ್ಡುವ ಪೈಕಿ ಅವಳಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಚನ್ನಪ್ಪನ ಮಗ ಮಲ್ಲಪ್ಪ ಕಾಕಾ ನರಗುಂದದಿಂದ ಬಂದ. ಯಾವ ಮದುವೆ ಮುಂಜಿಗೂ ಬಾರದವನು. ಮನೆಯ ಮುಂದೆ ನಿಂತು, ಕಿಸೆಯಿಂದ ಟೇಪು ತೆಗೆದು, ಮುಂದಿನ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಅಳೆದ. ಅತ್ತಿ ಹೊರಗೆ ಬಂದು "ಏನ್ ಮಲ್ಲಣ್ಣಾ, ಯಾಕ" ಎಂದು ಕೇಳಿದಳು.

"ಏನಿಲ್ಲವಾ. ಹಂಗ ಸುಮ್ನ."

"ಚಾ ಮಾಡ್ತೀನಿ, ಒಳಗ ಬಾ."

"ಒಲ್ಲೆವಾ, ಬಸ್ಸಿಗೆ ವ್ಯಾಳೆ ಆತು."

ಟೇಪು ಸರ್ರೆಂದು ಸುರುಳಿ ಸುತ್ತಿಕೊಂಡಿತು. ಕಾಕಾ ಹೋದ. ಆ ಸರ್ರೆನ್ನುವ ಸಪ್ಪಳವನ್ನು ಅತ್ತಿ ಎಷ್ಟು ಸಲ ಹೇಳಿದಳೆಂದರೆ, ನಾನು ಅದನ್ನೂ ಬಾಯಲ್ಲಿ ಮಾಡುವುದನ್ನು ಕಲಿತೆ. ಒಮ್ಮೆ ಮಾಡಿ ತೋರಿಸಿದೆ. ಅತ್ತಿ ಎರಡು ದಿನ ನನಗೆ ಮುಖ ಕೊಡಲಿಲ್ಲ.

ಈಗ ಗೊತ್ತಾಗಲೇಬೇಕಿತ್ತು. ಕೋರ್ಟು ಅವತ್ತು ಏನು ಬರೆಯಿತು? ಹುಕುಂ ಅವರ ಕಡೆ ಇದ್ದರೆ ಅತ್ತಿ ಮನೆ ಬಿಡಬೇಕೇನು? ಅಪ್ಪ ಮಾತ್ರ, "ಗೊತ್ತಿಲ್ಲದ್ದು ಗೊತ್ತಿಲ್ಲದಂಗ ಇರ್ಲಿ. ತಗದ್ರ ಖರೇ ಆಗಿಬಿಡ್ತೈತಿ" ಎಂದು ಅಂಗಡಿಯ ತಕ್ಕಡಿಯ ಹಿಂದೆ ಅಡಗಿಕೊಂಡ. ವಕೀಲರನ್ನು ಹಿಡಿಯುವಷ್ಟು ಶಕ್ತಿ ನಮಗೆ ಇರಲಿಲ್ಲ. ಆದ್ದರಿಂದ ವಕೀಲರ ದನಿ ತೆಗೆಯಲು ಬರುವ ನನ್ನನ್ನೇ ಕಳಿಸುವುದೆಂದಾಯಿತು. ಜೊತೆಗೆ ಅತ್ತಿ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ನಮ್ಮ ಮನೆಯ ಹೊರಗಿನ ಕೆಲಸವೆಲ್ಲ ಹೆಂಗಸರ ಪಾಲಿಗೆ ಬಂದಿದೆ. ಟಿಕೇಟಿಗೆ ದುಡ್ಡು ಕೊಡುವ ನಾನೇ ಅವತ್ತು ದಂಡದ ಸಾಮಾನು. ಅತ್ತಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಅಲ್ಲಿ ಒಂದು ಚಹಾದ ಖರ್ಚೂ ಆಗಬಾರದೆಂದು ಬಾಟಲಿಯಲ್ಲಿ ಮಜ್ಜಿಗೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಗಂಟಲಿನಲ್ಲೇ ವಕೀಲರ ದನಿಯ ತಾಲೀಮು ಮಾಡಿಕೊಂಡು ಹೋದೆ. ರೋಣದ ಕೋರ್ಟಿನ ಮೆಟ್ಟಿಲು ಏರಿದೆವು. ನಕಲು ಕೊಡುವ ಕಿಡಕಿಯ ಒಳಗೆ ನಮ್ಮ ಅವ್ವನ ವಯಸ್ಸಿನ ಕ್ಲರ್ಕ್ ಅಕ್ಕಾರು ಒಬ್ಬರು ಚಷ್ಮಾ ಹಾಕಿಕೊಂಡು ಕುಂತಿದ್ದರು. ನಾನು ಎದೆ ಉಬ್ಬಿಸಿ, ದಪ್ಪ ದನಿ ತೆಗೆದು, "ನಮ್ಮ ಕಕ್ಷಿದಾರರ ಪರವಾಗಿ..." ಎಂದು ಸುರು ಮಾಡಿದೆ.

ಅವರು ತಲೆ ಎತ್ತಿದರು. "ಗಂಟಲಾ ಕೆಟ್ಟೈತೇನಪಾ?"

"ಹೌದ್ರಿ" ಅಂದೆ. ನನ್ನದೇ ಸಣ್ಣ ದನಿಯಲ್ಲಿ.

"ದಾವೆ ನಂಬರು?"

"ಗೊತ್ತಿಲ್ರಿ."

"ಯಾವ ವರ್ಷದ್ದು?"

ನಾನು ಅತ್ತಿಯ ಮುಖ ನೋಡಿದೆ. ಅತ್ತಿ ಕಿಡಕಿಗೆ ಬಗ್ಗಿ, "ನಾ ಹೊಟ್ಟ್ಯಾಗಿದ್ದೆ ನೋಡ್ರಿ" ಅಂದಳು.

ಅಕ್ಕಾರು ನಗಲಿಲ್ಲ. ಇಂಥ ಉತ್ತರ ಅವರು ದಿನಾ ಕೇಳುತ್ತಿರಬೇಕು. ಅತ್ತಿಯ ಆಧಾರ್ ಕಾರ್ಡು ಇಸಿದುಕೊಂಡು ಹುಟ್ಟಿದ ತಾರೀಖು ನೋಡಿದರು. ಜೂನ್ ಒಂದು.

"ಅದು ಖರೇ ಅಲ್ರಿ. ಸಾಲ್ಯಾಗ ಮಾಸ್ತರ್ರು ಬರದದ್ದು" ಅಂದಳು ಅತ್ತಿ.

"ನಂದೂ ಜೂನ್ ಒಂದ ಐತ್ರಿ ಯವ್ವಾ" ಎಂದು ಅವರು ಕಾರ್ಡು ತಿರುಗಿ ಕೊಟ್ಟರು. "ಹಿಂದ ಮುಂದ ನಾಕೈದು ವರ್ಷದ್ದು ಹುಡಕಬೇಕಾಕ್ಕೈತಿ. ಅರ್ಜಿ ಬರದು ಕೊಡ್ರಿ. ಸಿಕ್ಕೇ ಸಿಗತೈತಿ ಅಂತ ಹೇಳಾಕ ಆಗೂದಿಲ್ಲ. ಹಳೇ ಕಾಗದ ಕೆಲವು ಇಡೂ ಮುದ್ದತ್ತು ಮುಗದ ಮ್ಯಾಲೆ ನಾಶ ಮಾಡಿರ್ತಾರ."

"ನಾಶ ಆಗಿದ್ರ ಚಲೋ ಆತಲ್ರಿ" ಎಂದು ಅತ್ತಿ ಬಾಯಿ ತಪ್ಪಿ ಅಂದಳು.

ನಮ್ಮ ಹಿಂದೆ ನಿಂತಿದ್ದ ಮೆಣಸಗಿಯ ರೈತನೊಬ್ಬ ಅವಳನ್ನು ವಿಚಿತ್ರವಾಗಿ ನೋಡಿದ. ಅವನ ಕಾಗದಗಳೆಲ್ಲ ಹೊಳೆ ಬಂದಾಗ ಹೋಗಿದ್ದವು. "ನಮ್ಮದು ಹೊಳಿ ತಗೊಂಡು ಹೋತಂತ ನಾವು ಇಲ್ಲಿ ಅಡ್ಡಾಡಾಕತ್ತೀವಿ. ನೀವು ನಾಶ ಆಗ್ಲಿ ಅಂತೀರಿ" ಅಂದ.

"ನಿಮ್ಮ ಹೊಳಿ ನಮ್ಮೂರಿಗೆ ಬರೂದಿಲ್ಲಲಾ ಯಪ್ಪಾ" ಅಂದಳು ಅತ್ತಿ.

ಅರ್ಜಿಯನ್ನು ನಾನೇ ಬರೆದೆ. ಗಡಿಬಿಡಿಯಲ್ಲಿ ಮೊದಲನೆಯ ಹಾಳೆಯಲ್ಲಿ ಮುತ್ಯಾನ ಹೆಸರಿನ ಮುಂದೆ ನನ್ನ ಸಹಿ, ನನ್ನ ಹೆಸರಿನ ಮುಂದೆ ಪ್ರತಿವಾದಿ ಎಂದು ಬಿತ್ತು. ಬಿ.ಎ. ಪಾಸಾದವನು ಎಂದು ಯಾರಿಗೂ ಹೇಳದೆ ಅದನ್ನು ಹರಿದು, ಎರಡನೆಯದು ಬರೆದು, ಸ್ಟಾಂಪು ಹಚ್ಚಿ ಕೊಟ್ಟೆ. ಸಿಕ್ಕರೆ ಫೋನು ಮಾಡುತ್ತೇವೆ ಅಂದರು.

ಆಮೇಲಿನ ದಿನಗಳಿವೆಯಲ್ಲ, ಅವುಗಳನ್ನು ನಿಮಗೆ ಹೇಗೆ ಹೇಳಲಿ. ಅತ್ತಿ ಮಗ್ಗದ ಮೇಲಿದ್ದ ಸೀರೆ ಮುಗಿಸಿದಳು, ಹೊಸ ಸೀರೆಗೆ ನೂಲಿನ ಹಾಸು ಹೂಡಲಿಲ್ಲ. "ನಡಬರಕ ಎಬ್ಬಿಸಿದ್ರ ನೂಲು ಹಾಳಾಗತೈತಿ" ಅಂದಳು. ಹಿತ್ತಲಲ್ಲಿ ಅವರೆ ಊರಲಿಲ್ಲ. ಕೌದಿಗಳನ್ನು ಒಗೆದು ಒಣಗಿಸಿ ಗಂಟು ಕಟ್ಟಿಟ್ಟಳು. ಕೇಳಿದರೆ "ಧೂಳಾಗಿದ್ದೂ" ಅನ್ನುತ್ತಿದ್ದಳು. ಬಾಗಿಲ ಮುಂದೆ ಯಾರಾದರೂ ಗಾಡಿ ನಿಲ್ಲಿಸಿದರೆ ಮಗ್ಗದ ಕುಣಿಯಲ್ಲಿ ಇಳಿದು ಕುಂತುಬಿಡುತ್ತಿದ್ದಳು. ನನಗೋ ಯಾರ ದನಿಯೂ ಬರದಂತಾಯಿತು. ಗೆಳೆಯರು ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ಕೊಡಿಸಿ, ಹೆಡ್‌ಮಾಸ್ತರರನ್ನು ಮಾಡು, ಪೊಲೀಸ್ ಪೌಜದಾರರನ್ನು ಮಾಡು ಅಂದರೆ ಎಲ್ಲವೂ ಪಟ್ಟೇವಾಲಾನ ದನಿಯಲ್ಲೇ ಹೊರಡುತ್ತಿದ್ದವು. "ನಿನ್ನ ಅಂಗಡಿ ಬಂದ್ ಆತೇನಲೇ ಬಸ್ಯಾ" ಎಂದು ನಕ್ಕರು. ಗಿರ್ಮಿಟ್ ಮಾತ್ರ ನಾನು ಪೂರಾ ತಿಂದೆ.

ಫೋನು ಬಂತು. ಕಾಗದ ಸಿಕ್ಕಿತ್ತು. ಅತ್ತಿ ಆ ಬೆಳಿಗ್ಗೆ ರೊಟ್ಟಿ ಕಟ್ಟಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಕಿಡಕಿಯ ಅಕ್ಕಾರು "ಈರಪ್ಪ ಬಸಪ್ಪ ಅವರ ಕಡೇವ್ರು ಯಾರ್ರಿ" ಎಂದು ಒಂದೇ ಸಲ ಅಂದರು. ಅಷ್ಟಕ್ಕೇ ನಾವಿಬ್ಬರೂ "ಇದ್ದೇನ್ರೀ" ಎಂದು ಕೂಗಿದ ಭರಕ್ಕೆ ಕಟ್ಟೆಯ ಮೇಲಿನ ಮಂದಿಯೆಲ್ಲ ತಿರುಗಿ ನೋಡಿದರು.

ಅದು ರೋಜನಾಮೆಯ ನಕಲು. ಯಾವ ದಿನ ಕೋರ್ಟಿನಲ್ಲಿ ಏನು ನಡೆಯಿತೆಂದು ಬರೆದಿಡುವ ಹಾಳೆ. ಕೊನೆಯಲ್ಲಿ ಇಂಗ್ಲೀಷಿನಲ್ಲಿ, ಅವಸರದ ಕೈಬರಹದಲ್ಲಿ, ಎರಡೇ ಸಾಲು. ಅತ್ತಿ ನನ್ನ ಅಂಗಿಯ ತೋಳು ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಓದು" ಅಂದಳು.

ನಾನು ಮನಸ್ಸಿನಲ್ಲಿ ಒಮ್ಮೆ ಓದಿದೆ. ತಿರುಗಿ ಓದಿದೆ.

"ಬಸ್ಯಾ, ಗಟ್ಟಿ ಓದು. ಬಿಡಬೇಕಂತೇನು?"

"ವಾದಿಯನ್ನು ಕರೆಯಲಾಗಿ, ಇಲ್ಲ. ಪ್ರತಿವಾದಿಯನ್ನು ಕರೆಯಲಾಗಿ, ಇಲ್ಲ. ದಾವೆ ವಜಾ."

"ವಾದಿ ಅಂದ್ರ ಯಾರು?"

"ಚನ್ನಪ್ಪ ಮುತ್ಯಾ. ಅವನೂ ಇದ್ದಿಲ್ಲತ್ತಿ. ಇಬ್ರೂ ಇದ್ದಿಲ್ಲ."

ಅತ್ತಿ ಕಣ್ಣು ತೆರೆದಳು. "ಹಂಗಾದ್ರ ಗೆದ್ದವ್ರ್ಯಾರು?"

"ಯಾರೂ ಇಲ್ಲ."

"ಅದ್ಹ್ಯಾಂಗ ಆಕ್ಕೈತಿ. ಖಟ್ಲೆ ಅಂದಮ್ಯಾಲೆ ಒಬ್ರರ ಸೋಲಬೇಕಲ್ಲ. ನಮ್ಮಪ್ಪ ಅಷ್ಟ್ ವರ್ಷ ಸೋತಿದ್ನಲ್ಲ."

ಕಿಡಕಿಯೊಳಗಿಂದ ಅಕ್ಕಾರು ನಿಧಾನವಾಗಿ ಹೇಳಿದರು. "ಯಾರಿಗೂ ಏನೂ ಕೊಟ್ಟಿಲ್ರಿ ಯವ್ವಾ, ಯಾರಿಂದ ಏನೂ ಕಸಗೊಂಡಿಲ್ಲ. ದಾವೆ ಹಾಕೂಕಿಂತ ಮದಲ ಹ್ಯಾಂಗಿತ್ತೋ ಹಂಗ ಬಿಟ್ಟಾರ."

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ನನಗೆ ಎಷ್ಟು ಹಗುರ ಆಯಿತೆಂದರೆ, ಅಲ್ಲಿಯೇ ನಾಲ್ಕು ಮಂದಿಯ ದನಿ ತೆಗೆಯಬಹುದಿತ್ತು. ಆದರೆ ಅತ್ತಿ, "ನರಗುಂದದ ಬಸ್ಸು ಎಲ್ಲೆ ನಿಲ್ತೈತಿ" ಎಂದು ಕೇಳಿದಳು.

"ಅವ್ರಿಗ್ಯಾಕ ಹೇಳಬೇಕತ್ತಿ? ಮದಲ ಹ್ಯಾಂಗಿತ್ತೋ ಹಂಗ ಅಂದ್ರ ಅರ್ಧಾ ಅವ್ರದು. ಕಾಗದ ಮುಚ್ಚಿಡೂಣು."

"ಅಂವ ಟೇಪ್ ಹಿಡದು ಬಂದಾನ. ಇವತ್ತಲ್ಲಾ ನಾಳೆ ಮತ್ತ ಬರ್ತಾನ. ನಮ್ಮಪ್ಪ ಕಾಯ್ಕೋತ ಕಾಯ್ಕೋತ ಸತ್ತ. ನಂಗ ಕಾಯಾಕ ಆಗೂದಿಲ್ಲ. ಕೇಳೂದು ಇದ್ರ ಇವತ್ತ ಕೇಳ್ಲಿ. ಬಿಡು ಅಂದ್ರ ಇವತ್ತ ಬಿಡ್ತೀನಿ."

ನರಗುಂದದಲ್ಲಿ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿ ಕಾಕಾನ ಮನೆ. ಅವನು ಗೌಂಡಿ, ಮಂದಿಗೆ ಮನೆ ಕಟ್ಟುವವನು, ತನ್ನ ಮನೆಯ ಗೋಡೆಗೆ ಇನ್ನೂ ಸಿಮೆಂಟಿನ ಗಿಲಾಯಿ ಮಾಡಿಸಿಲ್ಲ. ಬಾಗಿಲಲ್ಲಿ ಕುಂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ. ನಮ್ಮನ್ನು ನೋಡಿ, ಅತ್ತಿಯ ಕೈಯಲ್ಲಿದ್ದ ಕೋರ್ಟಿನ ಸಿಕ್ಕಾ ಹೊಡೆದ ಕಾಗದ ನೋಡಿ, ಮೊರ ಕೆಳಗಿಟ್ಟ. ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅಂಥ ಮುಖವನ್ನು ನಾನು ಮೊದಲು ಮುತ್ಯಾನಲ್ಲಿ ನೋಡಿದ್ದೆ.

"ಗಿರಿಜವ್ವಾ" ಅಂದ ಕಾಕಾ. "ಖರ್ಚು ವಸೂಲಿಗೆ ಬಂದೀರೇನು?"

"ಎದರ ಖರ್ಚು ಮಲ್ಲಣ್ಣಾ?"

"ಖಟ್ಲೇದು. ನಮ್ಮಪ್ಪ ಸಾಯೂತನಾ ಹೇಳ್ತಿದ್ದ. ನಾ ಎತ್ತಿಗೆ ನೀರು ಕುಡಸಾಕ ಹ್ವಾದೆ, ಹೆಸರು ಕರದುಬಿಟ್ರು, ಸೋತೆ. ಈರಣ್ಣ ಗೆದ್ದಾನ, ದಾರ್‍ಯಾಗ ಸೊಕ್ಕಿಲೆ ಒಂದ ಮಾತ ಆಡಲಿಲ್ಲ. ಅವ್ರ ಖರ್ಚೆಲ್ಲಾ ನಾವ ತುಂಬಬೇಕು, ಅವ್ರ ಕಣ್ಣಿಗೆ ಬೀಳಬ್ಯಾಡ್ರಿ ಅಂತ."

ಅತ್ತಿ ಅಲ್ಲೇ ಕಟ್ಟೆಯ ಮೇಲೆ ಕುಂತಳು. ಎರಡು ಮರ, ಎರಡು ಎತ್ತು. ಒಬ್ಬನು ಈ ಕಡೆ ನೀರು ಕುಡಿಸುತ್ತಿದ್ದಾನೆ, ಒಬ್ಬನು ಆ ಕಡೆ. ಇವನು ಒಳಗಿದ್ದಾನೆಂದು ಅವನು, ಅವನು ಒಳಗಿದ್ದಾನೆಂದು ಇವನು. ನಡುವೆ ಪಟ್ಟೇವಾಲಾ ಖಾಲಿ ಕಟ್ಟೆಗೆ ಹೆಸರು ಕೂಗುತ್ತಿದ್ದಾನೆ. ಆಮೇಲೆ ಆ ಚಕ್ಕಡಿಯ ಹಾದಿ. ಕೇಳಿದ್ದರೆ ಇಬ್ಬರ ಜೀವನವೂ ಹಗುರಾಗುತ್ತಿತ್ತು. ಕೇಳಬೇಕಾದರೆ ಮಾತಾಡಬೇಕಿತ್ತು.

"ಮತ್ತ ಟೇಪ್ ಯಾಕ ಹಿಡದಿ?" ಎಂದು ಅತ್ತಿ ಕೇಳಿದಳು.

"ನಾ ಹುಟ್ಟಿದ ಮನಿ. ಒಮ್ಮಿ ನೋಡೂಣಂತ ಬಂದೆ. ಗ್ವಾಡಿ ಮುಂದಕ ವಾಲೇತಿ ಅನಿಸ್ತು, ಅಳದು ನೋಡಿದೆ. ಒಳಗ ಬರಾಕ ಹೆದರಿಕಿ ಆತು."

ಅತ್ತಿ ಕಾಗದವನ್ನು ಅವನ ಕೈಗೆ ಕೊಟ್ಟಳು. ನಾನು ಓದಿ ಹೇಳಿದೆ. ಕಾಕಾ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಳುತ್ತಾನೆಯೋ ನಗುತ್ತಾನೆಯೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಎರಡೂ ಮಾಡಲಿಲ್ಲ. ಕಣ್ಣು ಸಣ್ಣ ಮಾಡಿಕೊಂಡ. ಗೌಂಡಿಗಳು ದಾರ ಹಿಡಿದು ಗೋಡೆ ನೋಡುತ್ತಾರಲ್ಲ, ಹಾಗೆ.

"ಹಂಗಾದ್ರ" ಅಂದ, "ಅರ್ಧಾ ನಂದ ಐತಿ."

"ಹೂಂ" ಅಂದಳು ಅತ್ತಿ. ಅವಳ ಕಾಲ ಬೆರಳು ನೆಲ ಒತ್ತುತ್ತಿತ್ತು, ಮಗ್ಗದ ಕುಣಿಯೊಳಗೆ ತುಳಿದಂತೆ.

ಕಾಕಾ ಮೊರದಲ್ಲಿದ್ದ ಜೋಳವನ್ನು ಒಮ್ಮೆ ಕೇರಿದ. "ನಾ ಈ ವಯಸ್ಸಿನ್ಯಾಗ ಆ ಅರ್ಧಾ ತಗೊಂಡು ಏನ್ ಮಾಡ್ಲಿ. ನೀ ಇರೂತನಾ ಇರವಾ. ಯಾರೂ ಬಿಡ್ಸೂದಿಲ್ಲ. ನಿನ್ನ ಹಿಂದ ಹುಡುಗ್ರು ಹಂಚಗೊಳ್ಳಿ."

ಮನೆ ಉಳಿಯಿತು. ಅತ್ತಿ ಬಸ್ಸಿನಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಮರುದಿನವೇ ಹೊಸ ಹಾಸು ಹೂಡಿದಳು. ಅಪ್ಪ ಅಂಗಡಿಯ ಹಿಂದಿನಿಂದ ಸುತ್ತಿಗೆ ಹಿಡಿದುಕೊಂಡು ಬಂದು ಕ್ಯಾಲೆಂಡರಿಗೆ ಮೊಳೆ ಹೊಡೆದ. ಮಲ್ಲಪ್ಪ ಕಾಕಾ ಒಂದು ರವಿವಾರ ಬಂದು, ವಾಲಿದ ಗೋಡೆಗೆ ತನ್ನ ಕೈಯಿಂದಲೇ ಕಲ್ಲಿನ ಆಸರೆ ಕಟ್ಟಿಕೊಟ್ಟು, ಒಳಗೆ ಕುಂತು ಊಟ ಮಾಡಿ ಹೋದ. ಹೋಗುವಾಗ ಅತ್ತಿಯ ಫೋನ್ ನಂಬರು ಬರೆದುಕೊಂಡ.

ಅಂದಿನಿಂದ ಸೋಮವಾರ ಬಂತೆಂದರೆ ಫೋನು ಮಾಡುತ್ತಾನೆ. "ಆರಾಮದಿಯೇನವಾ?" ಎಂದು ಕೇಳುತ್ತಾನೆ. ಅಷ್ಟೇ. ಎಲ್ಲೋ ಕಳೆದುಹೋದ ತಂಗಿ ಸಿಕ್ಕಿದ್ದಾಳೆ, ಪಾಪ, ಪ್ರೀತಿಯಿಂದಲೇ ಕೇಳುತ್ತಿರಬಹುದು. ಆದರೆ ಅತ್ತಿಯ ಕಿವಿಗೆ ಅದು "ಇನ್ನೂ ಇದ್ದಿಯೇನವಾ?" ಎಂದೇ ಕೇಳಿಸುತ್ತದೆ, ಸೋಮವಾರ ಎಂದರೆ ಹೆದರುತ್ತಾಳೆ. ಬರುವ ಕೆಮ್ಮನ್ನು ನುಂಗಿ, ಗೋಡೆ ಹಿಡಿದು ಎದ್ದು ನಿಂತು, "ಭಾಳ ಆರಾಮದೀನಿ ಮಲ್ಲಣ್ಣಾ" ಎಂದು ಓಣಿಗೆಲ್ಲ ಕೇಳುವಂತೆ ಹೇಳು‌ತ್ತಾಳೆ. ಗೌಂಡಿ ಕೆಲಸದ ಧೂಳಿಗೆ ಕಾಕಾನಿಗೆ ಉಬ್ಬಸ, "ನಿನ್ನ ದಮ್ಮು ಹ್ಯಾಂಗೈತಿ?" ಎಂದು ತಿರುಗಿ ಕೇಳುವುದನ್ನೂ ಕಲಿತಿದ್ದಾಳೆ. ಆ ಕಡೆಯಿಂದಲೂ ಕೆಮ್ಮು ನುಂಗಿದ ದನಿಯಲ್ಲಿ "ಭಾಳ ಆರಾಮವಾ" ಎಂದು ಬರುತ್ತದೆ.

ಹೋದ ವಾರ ಅತ್ತಿಗೆ ಜ್ವರ. ಏಳಲು ಆಗುತ್ತಿರಲಿಲ್ಲ, ದನಿ ಪೂರಾ ಕೂತುಹೋಗಿತ್ತು. ಸೋಮವಾರ ಫೋನು ಬಡಿದುಕೊಳ್ಳತೊಡಗಿತು. ಎತ್ತದಿದ್ದರೆ ಕಾಕಾ ಮುಂದಿನ ಬಸ್ಸಿಗೇ ಬರುತ್ತಾನೆ. ಅತ್ತಿ ನನ್ನ ಮುಖ ನೋಡಿದಳು. ನಾನು ಫೋನು ಎತ್ತಿದೆ.

"ಏನ್ ಮಲ್ಲಣ್ಣಾ" ಅಂದೆ, ಅತ್ತಿಯ ದನಿಯಲ್ಲಿ. "ನಾನಾ? ಭಾಳ ಆರಾಮ. ಈಗರ ನೀರಿನ ಕೊಡ ತಂದು ಇಳಿಸಿದೆ."

ಮೊಣಕಾಲಿನ ಹಿಂದೆ ನಡುಗುತ್ತಿತ್ತು. ದನಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಕೌದಿಯೊಳಗಿಂದ ಅತ್ತಿಯ ಕೈ ಹೊರಗೆ ಬಂದು ನನ್ನ ಅಂಗಿ ಜಗ್ಗಿತು.

"ಎರಡು ಕೊಡ ತಂದೆ ಅನ್ನು" ಎಂದು ಪಿಸುಗುಟ್ಟಿದಳು.